ಎರಡು ಮುಚ್ಚಳದ ಲೆಕ್ಕ

ಹತ್ತಿ ಮೊಣಕಾಲುದ್ದ ಬೆಳೆದು ಮೊಗ್ಗು ಹಿಡಿಯುವ ಹೊತ್ತಿಗೆ ರಾಯಚೂರು ಜಿಲ್ಲೆಯ ಬಾಗಲವಾಡದ ಸುತ್ತಿನ ಎರೆಹೊಲಗಳಲ್ಲಿ ಬೆಳಗಿನ ನೋಟ ಒಂದೇ ನಮೂನೆಯದು. ಗಂಡ ಬದುವಿನ ಮೇಲೆ ಪಂಪು ಇಟ್ಟು ಅದರ ಬ್ಯಾಟರಿ, ನಳಿಕೆ ನೋಡುತ್ತಿರುತ್ತಾನೆ. ಹೆಂಡತಿ ಹಳ್ಳದಿಂದ ಕೊಡದಲ್ಲಿ ನೀರು ತಂದು ಬ್ಯಾರಲ್ಲಿಗೆ ಸುರುವುತ್ತಾಳೆ. ಆಮೇಲೆ ಡಬ್ಬಿ ಬಿಚ್ಚಿ, ಅದರದೇ ಮುಚ್ಚಳದಲ್ಲಿ ಅಳೆದು, ನೀರಿಗೆ ಬೆರೆಸಿ, ಕೈಗೆ ಸಿಕ್ಕ ತೊಗರಿಕಟ್ಟಿಗೆಯಿಂದ ತಿರುವುತ್ತಾಳೆ. ಕಟ್ಟಿಗೆ ಸಿಗದಿದ್ದರೆ ಕೈಯೇ ಕಟ್ಟಿಗೆ. ಹೋದ ವರ್ಷ ಅಂಥ ಒಂದು ಬೆಳಗ್ಗೆ ಬದುವಿನ ಮೇಲೆ ನಿಂತು ಕೇಳಿದೆ: ‘ಎಷ್ಟು ಹಾಕ್ತೀರಿ ಯಕ್ಕಾ?’

‘ಪಂಪಿಗೆ ಎರಡು ಮುಚ್ಚಳ್ರಿ. ಹುಳ ಭಾಳ ಇದ್ರ ಮೂರು.’

‘ಯಾವ ಎಣ್ಣಿ ಇದು?’

‘ನಮಗೇನ್ ಗೊತ್ರಿ, ಅಂಗಡ್ಯಾಗ ಕೊಟ್ಟಾರ. ಎರಡೂ ಕೂಡಿಸಿ ಹೊಡೀರಿ ಅಂದಾರ.’

ಬೆರಳಿಗೆ ಹತ್ತಿದ್ದನ್ನು ಆಕೆ ಸೆರಗಿಗೆ ಒರೆಸಿಕೊಂಡಳು. ಮಧ್ಯಾಹ್ನ ಅದೇ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು, ಅದೇ ಕೈಯಲ್ಲಿ ಬುತ್ತಿಯ ರೊಟ್ಟಿ ಮುರಿಯುತ್ತಾಳೆ. ಎರಡು ಡಬ್ಬಿಗಳಲ್ಲಿ ಒಂದರ ಮೇಲೆ ಕೆಂಪು ತ್ರಿಕೋನವಿತ್ತು. ವಿಷ ಎಷ್ಟು ತೀಕ್ಷ್ಣ ಎಂಬುದಕ್ಕೆ ತಕ್ಕಂತೆ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರಬೇಕೆಂದು ನಿಯಮವಿದೆ. ಕೆಂಪು ಎಲ್ಲಕ್ಕಿಂತ ಘೋರ. ಆ ಬಣ್ಣದ ಅರ್ಥವನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಬಳಸುವ ಕ್ರಮವನ್ನು ಹಲವು ಭಾಷೆಗಳಲ್ಲಿ ಅಚ್ಚು ಮಾಡಿದ ಚೀಟಿ ಡಬ್ಬಿಗೆ ಅಂಟಿಕೊಂಡೇ ಇತ್ತು. ಇರುವೆ ಸಾಲಿನಂಥ ಆ ಅಕ್ಷರಗಳನ್ನು ಕನ್ನಡಕ ಹಾಕಿದ ನಾನೂ ಓದಲಾರದಾದೆ.

ನಮ್ಮ ಕಡೆ ಕೀಟನಾಶಕಕ್ಕೆ ಆ ಹೆಸರೇ ಇಲ್ಲ. ಅದು ‘ಎಣ್ಣಿ’, ಸಿಂಪರಣೆ ಅಂದರೆ ‘ಎಣ್ಣಿ ಹೊಡಿಯೋದು’. ಕೃಷಿ ಇಲಾಖೆಯವರು, ಗೊಬ್ಬರದಂಗಡಿಯವರು ‘ಔಷಧಿ’ ಅನ್ನುತ್ತಾರೆ. ಯಾರಾದರೂ ಕುಡಿದು ಸತ್ತಾಗ ಮಾತ್ರ ಅದು ‘ಎಂಡ್ರಿನ್’ ಆಗುತ್ತದೆ. ಎಂಡ್ರಿನ್ ಎಂಬ ಅಸಲು ರಾಸಾಯನಿಕ ನಿಷೇಧವಾಗಿ ಮೂರು ದಶಕ ದಾಟಿತು, ಹೆಸರು ಮಾತ್ರ ಊರಲ್ಲೇ ಉಳಿಯಿತು. ಒಂದೇ ಡಬ್ಬಿ ಹೊಲದಲ್ಲಿ ಎಣ್ಣಿ, ಅಂಗಡಿಯಲ್ಲಿ ಔಷಧಿ, ಹೆಣದ ಪಕ್ಕದಲ್ಲಿ ವಿಷ. ಮೂರು ಹೆಸರಲ್ಲಿ ದಿನಾ ಬಳಸುವ ಎರಡು ಅಡುಗೆಮನೆಯಿಂದಲೂ ಆಸ್ಪತ್ರೆಯಿಂದಲೂ ಬಂದವಾದ್ದರಿಂದ ಕೈಗವಸು ಹಾಕಿಕೊಳ್ಳಬೇಕೆಂದು ಯಾರಿಗಾದರೂ ಯಾಕೆ ಅನ್ನಿಸಬೇಕು?

ಮಾನ್ವಿ, ದೇವದುರ್ಗ, ಸಿರವಾರ ಕಡೆ ರೈತರ ನಡುವೆ ಕೂತಾಗ ನನಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ: ಬಿಟಿ ಹತ್ತಿಯಿಂದ ಮೈಗೆ ರೋಗ ಬರುತ್ತದೆಯೇ? ಬೀಜದೊಳಗೇ ವಿಷ ಇದೆಯಂತೆ, ಹೌದಾ? ಪ್ರಶ್ನೆ ನ್ಯಾಯವಾದದ್ದು. ಉತ್ತರ ಹೇಳುವ ಮೊದಲು ಬೀಜದೊಳಗೆ ಇರುವುದೇನು ಎಂದು ನೋಡಬೇಕು.

ಬಿಟಿ ಎಂಬ ಎರಡಕ್ಷರ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಸೂಕ್ಷ್ಮಜೀವಿಯ ಮೊಟಕು ಹೆಸರು. 1901ರಲ್ಲಿ ಜಪಾನಿನ ಇಶಿವಾಟ ಎಂಬ ವಿಜ್ಞಾನಿ ರೇಷ್ಮೆಹುಳಗಳು ಯಾಕೆ ಸಾಯುತ್ತಿವೆ ಎಂದು ಹುಡುಕುತ್ತಾ ಅದನ್ನು ಕಂಡರು. ಹತ್ತು ವರ್ಷದ ಮೇಲೆ ಜರ್ಮನಿಯ ಬರ್ಲಿನರ್ ಹಿಟ್ಟು ತಿನ್ನುವ ಪತಂಗದ ಹುಳದಲ್ಲಿ ಅದನ್ನೇ ಮತ್ತೆ ಕಂಡು, ತುರಿಂಜಿಯಾ ಎಂಬ ಸೀಮೆಯ ಹೆಸರು ಕೊಟ್ಟರು. ಈ ಜೀವಿ ಒಂದು ಬಗೆಯ ಹರಳು ಪ್ರೋಟೀನು ತಯಾರಿಸುತ್ತದೆ. ಕಾಯಿಕೊರಕ ಹುಳದ ಕರುಳು ಕ್ಷಾರದ ಗುಣದ್ದು. ಅಲ್ಲಿ ಹರಳು ಕರಗಿ, ಕರುಳಿನ ಗೋಡೆಗೆ ಅಂಟಿ, ತೂತು ಕೊರೆಯುತ್ತದೆ. ಹುಳ ಮೇವು ಬಿಟ್ಟು ಎರಡು ಮೂರು ದಿನದಲ್ಲಿ ಸಾಯುತ್ತದೆ. ಮನುಷ್ಯರ ಹೊಟ್ಟೆ ಆಮ್ಲದ್ದು, ಆ ಪ್ರೋಟೀನು ಅಂಟಿಕೊಳ್ಳುವ ಜಾಗ ನಮ್ಮ ಕರುಳಲ್ಲಿಲ್ಲ. ಬೇಳೆಯ ಪ್ರೋಟೀನು ಅರಗಿದಂತೆ ಅದೂ ಅರಗುತ್ತದೆ. ಈ ಸೂಕ್ಷ್ಮಜೀವಿಯನ್ನೇ ಪುಡಿಮಾಡಿ ಸಾವಯವ ಕೃಷಿಕರೂ ಬೆಳೆಗೆ ಹೊಡೆಯುತ್ತಾರೆ. ವಿಜ್ಞಾನಿಗಳು ಮಾಡಿದ್ದಿಷ್ಟೆ: ಆ ಪ್ರೋಟೀನಿನ ಸೂತ್ರ ಬರೆದಿರುವ ಜೀನನ್ನು ಹತ್ತಿಗಿಡಕ್ಕೆ ಸೇರಿಸಿದರು.

ಹಾಗಾದರೆ ತುರಿಕೆ? ಮಧ್ಯಪ್ರದೇಶದ ನಿಮಾಡ್ ಕಡೆಯಿಂದ 2005ರಲ್ಲಿ, ಬಿಟಿ ಹತ್ತಿ ಬಿಡಿಸುವವರಿಗೆ ಮೈ ತುರಿಕೆ, ಕಣ್ಣುರಿ ಬರುತ್ತಿದೆ ಎಂಬ ವರದಿ ಬಂತು. ಮರುವರ್ಷ ವಾರಂಗಲ್ ಸೀಮೆಯಲ್ಲಿ ಹತ್ತಿ ಬಿಡಿಸಿದ ಹೊಲ ಮೇಯ್ದ ಕುರಿಗಳು ಸತ್ತವೆಂಬ ಸುದ್ದಿ ದೇಶವೆಲ್ಲ ಹಬ್ಬಿತು. ಎರಡನ್ನೂ ನಾನು ಸುಳ್ಳು ಅನ್ನುವುದಿಲ್ಲ. ತುರಿಸಿಕೊಂಡವರಿಗೆ ತುರಿಕೆ ನಿಜ, ಕುರಿ ಕಳೆದುಕೊಂಡವರಿಗೆ ಸಾವು ನಿಜ. ಆದರೆ ತಪ್ಪು ಜೀನಿನದು ಎಂದು ಆ ಎರಡೂ ಪ್ರಕರಣಗಳಲ್ಲಿ ಸಾಬೀತಾಗಲಿಲ್ಲ. ಯಾಕೆ ಸಾಬೀತಾಗುವುದು ಕಷ್ಟ ಎಂಬುದು ಹತ್ತಿ ಬಿಡಿಸಿದ ಯಾರಿಗಾದರೂ ಗೊತ್ತು. ಬಿಡಿಸುವವರ ಕೈಗೆ ತಾಗುವ ಎಲೆ ಬರೀ ಬಿಟಿ ಎಲೆಯಲ್ಲ. ನಾಲ್ಕೈದು ತಿಂಗಳು ಮೇಲಿಂದ ಮೇಲೆ ಎಣ್ಣಿ ಉಂಡ ಎಲೆ. ಒಣಗಿದ ಕಾಯಿಯ ಮುಳ್ಳುಮುಳ್ಳಾದ ತೊಟ್ಟು ಬೆರಳು ಗೀರುತ್ತದೆ, ಗೀರಿದ ಕಡೆ ಎಲೆಯ ಮೇಲೆ ಒಣಗಿದ ಎಣ್ಣಿಯ ಪುಡಿ ಇಳಿಯುತ್ತದೆ. ದರ ಏರಲೆಂದು ಕಾಯುತ್ತಾ ಪಡಸಾಲೆಯಲ್ಲಿ ಹತ್ತಿ ರಾಶಿ ಹಾಕಿ, ಅದರ ಮೇಲೇ ಮಕ್ಕಳನ್ನು ಮಲಗಿಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಾಗಿರುವಾಗ ತುರಿಕೆ ಬೀಜದ್ದೋ ಎಣ್ಣಿಯದ್ದೋ ಎಂದು ಬೇರ್ಪಡಿಸುವವರು ಯಾರು?

ಈ ಬೀಜದ ವಿರುದ್ಧ ದೇಶದಲ್ಲಿ ಮೊದಲ ಕಿಚ್ಚು ಹತ್ತಿದ್ದು ನಮ್ಮ ಜಿಲ್ಲೆಯಲ್ಲೇ ಎಂಬುದನ್ನು ಈಗಿನ ಹುಡುಗರು ಅಷ್ಟಾಗಿ ನೆನೆಯುವುದಿಲ್ಲ. 1998ರಲ್ಲಿ ಬಿಟಿ ಹತ್ತಿಯ ಪ್ರಯೋಗ ಬೇಸಾಯ ರಾಯಚೂರು, ಬಳ್ಳಾರಿ ಜಿಲ್ಲೆಗಳ ಕೆಲವು ಹೊಲಗಳಲ್ಲೂ ನಡೆದಿತ್ತು. ಸುದ್ದಿ ಹೊರಬಿದ್ದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ಕರ್ನಾಟಕ ರಾಜ್ಯ ರೈತ ಸಂಘ ನವೆಂಬರ್ ಕೊನೆಯಲ್ಲಿ ರಾಯಚೂರು ಜಿಲ್ಲೆಯ ಮಲದಕಲ್‌ನಲ್ಲಿ ಗಿಡ ಕಿತ್ತು ಸುಟ್ಟಿತು. ಬಿಟಿ ಬೀಜದ ಹಿಂದಿದ್ದ ಮಾನ್ಸಾಂಟೊ ಕಂಪನಿಯ ಶವದಹನ ಎಂದೇ ಆ ಚಳವಳಿಗೆ ಹೆಸರಿಟ್ಟರು. ಹೊಲದ ಒಡೆಯರಿಗೇ ತಾವು ಬೆಳೆದದ್ದು ಏನೆಂದು ಸರಿಯಾಗಿ ತಿಳಿಸಿಲ್ಲ ಎಂಬುದು ಸಂಘದ ದೊಡ್ಡ ಆಕ್ಷೇಪವಾಗಿತ್ತು. ಅದೇ ವರ್ಷ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದ ‘ಟರ್ಮಿನೇಟರ್’ ತಂತ್ರಜ್ಞಾನ, ಅಂದರೆ ಮರುಬಿತ್ತನೆಗೆ ಮೊಳೆಯದ ಬೀಜದ ಸುದ್ದಿಯೂ ಬಿಟಿಯೊಂದಿಗೆ ಕಲಸಿಹೋಯಿತು. ಎರಡೂ ಬೇರೆ ಬೇರೆ. ಆದರೆ ಹಳ್ಳಿಗಳಲ್ಲಿ ‘ಮೊಳಕೆ ಒಡೆಯದ ಬೀಜ’ ಎಂಬ ಅಂಜಿಕೆ ಇವತ್ತಿಗೂ ಬಿಟಿಗೆ ಅಂಟಿಕೊಂಡಿದೆ. ಸಂಘದ ಎಲ್ಲ ವಾದ ಸರಿಯಿತ್ತು ಅನ್ನಲಾರೆ. ಬೆಳೆಯುವವರಿಗೆ ತಿಳಿಸದೆ ಅವರ ಹೊಲದಲ್ಲಿ ಪ್ರಯೋಗ ಮಾಡಬಾರದು ಎಂಬ ಮಾತಂತೂ ಅಂದೂ ಸರಿ, ಇಂದೂ ಸರಿ.

2002ರ ಮಾರ್ಚ್ 26ರಂದು ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿ ಮಹಿಕೊ-ಮಾನ್ಸಾಂಟೊದ ಮೂರು ಬಿಟಿ ಹೈಬ್ರಿಡ್‌ಗಳಿಗೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಪಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದಕ್ಕೆ ಮೊದಲೇ, 2001ರಲ್ಲಿ, ಗುಜರಾತಿನ ಸಾವಿರಾರು ಎಕರೆಯಲ್ಲಿ ಕಳ್ಳಬೀಜವಾಗಿ ಬಿಟಿ ಬೆಳೆದುನಿಂತಿತ್ತು! ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ರೈತರು ಯಾಕೆ ಮುಗಿಬಿದ್ದು ಕೊಂಡರು ಎಂದು ಅರ್ಥವಾಗಬೇಕಾದರೆ ಅದಕ್ಕೆ ಹಿಂದಿನ ಹತ್ತು ವರ್ಷದ ಹತ್ತಿಹೊಲ ಕಣ್ಣಿಗೆ ಬರಬೇಕು. ಒಂದು ಕಾಲಕ್ಕೆ ಇಲ್ಲಿ ಜಯಧರದಂಥ ಜವಾರಿ ಕುಲದ ಹತ್ತಿ ಇತ್ತು. ಇಳುವರಿ ಕಡಿಮೆ, ಆದರೆ ಎಣ್ಣಿಯ ಹಂಗಿಲ್ಲ. ಧಾರವಾಡದಲ್ಲಿ 1972ರ ಸುಮಾರಿಗೆ ವರಲಕ್ಷ್ಮಿ, ಆಮೇಲೆ ಡಿಸಿಎಚ್-32 ಹೈಬ್ರಿಡ್‌ಗಳು ಬಂದವು. ಎಳೆ ಉದ್ದ, ದರ ಭರ್ತಿ, ಹುಳಕ್ಕೂ ಹಬ್ಬ. ಆಗ ದೇಶದ ಬೇಸಾಯದ ನೆಲದಲ್ಲಿ ಹತ್ತಿಯ ಪಾಲು ಶೇ 5ರಷ್ಟಿತ್ತು. ಹೊಡೆಯುತ್ತಿದ್ದ ಕೀಟನಾಶಕದಲ್ಲಿ ಅದರ ಪಾಲು ಹತ್ತಿರಹತ್ತಿರ ಅರ್ಧ ಇತ್ತು. ಅಮೆರಿಕನ್ ಕಾಯಿಕೊರಕ ಯಾವ ಎಣ್ಣಿಗೂ ಜಗ್ಗದಂತಾಗಿತ್ತು. ವಾರಕ್ಕೊಮ್ಮೆ ಪಂಪು ಬೆನ್ನಿಗೇರುತ್ತಿತ್ತು. ಆ ಹೊತ್ತಿನಲ್ಲಿ ‘ಈ ಬೀಜ ಹಾಕಿ, ಎಣ್ಣಿ ಹೊಡೆಯೋದು ಬಿಡಿ’ ಎಂದರೆ ಯಾರು ಬೇಡ ಅಂದಾರು?

ಮಾತು ಕೆಲವು ವರ್ಷ ನಡೆಯಿತು ಕೂಡ. ಬಿಟಿಯನ್ನು ಬೈಯುವವರು ಇದನ್ನು ಒಪ್ಪುವುದಿಲ್ಲ, ಒಪ್ಪಲೇಬೇಕು. ಜರ್ಮನಿಯ ಗಟ್ಟಿಂಗನ್ ವಿಶ್ವವಿದ್ಯಾಲಯದ ಕೌಸರ್ ಮತ್ತು ಕೈಮ್ ಎಂಬ ಸಂಶೋಧಕರು 2002ರಿಂದ 2008ರವರೆಗೆ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತಮಿಳುನಾಡುಗಳ ಹತ್ತಿ ರೈತರನ್ನು ಮತ್ತೆ ಮತ್ತೆ ಭೇಟಿ ಮಾಡಿ ಲೆಕ್ಕ ಹಾಕಿದರು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಬಿಟಿಯಿಂದ ಕೀಟನಾಶಕದ ಬಳಕೆ ಅರ್ಧಕ್ಕೆ ಇಳಿಯಿತು, ಅದರಲ್ಲೂ ಅತಿ ಘೋರ ವಿಷಗಳ ಬಳಕೆ ಶೇ 70ರಷ್ಟು ಇಳಿಯಿತು. ವರ್ಷಕ್ಕೆ ಲಕ್ಷಗಟ್ಟಲೆ ವಿಷಬಾಧೆಗಳು ತಪ್ಪಿದವು. ಒಂದು ಬೀಜ ರೈತನ ಆರೋಗ್ಯಕ್ಕೆ ಒಳಿತು ಮಾಡಿದ್ದು ಹೀಗೆ, ಬೆನ್ನಿಂದ ಪಂಪು ಇಳಿಸಿ. ಬೀಜ ಒಳ್ಳೆಯದೋ ಕೆಟ್ಟದೋ ಎಂಬ ವಾದದಲ್ಲಿ ನಾನು ಹಿಡಿಯುವ ತಕ್ಕಡಿ ಇದೊಂದೇ. ಆ ಬೀಜ ಬಿತ್ತಿದ ಹೊಲದಲ್ಲಿ ಪಂಪು ಎಷ್ಟು ಸಲ ಏರುತ್ತದೆ, ಅದರೊಳಗೆ ಏನಿರುತ್ತದೆ?

ಅದೇ ತಕ್ಕಡಿಯಲ್ಲಿ ಮುಂದಿನ ವರ್ಷಗಳನ್ನು ತೂಗಿ ನೋಡಿ.

ಬಿಟಿ ಪ್ರೋಟೀನು ಕಾಯಿ ಕೊರೆಯುವ ಹುಳಕ್ಕೆ ಯಮ, ರಸ ಹೀರುವ ಕೀಟಕ್ಕೆ ಏನೂ ಅಲ್ಲ. ಜಿಗಿಹುಳು, ಹೇನು, ನುಸಿ, ಬಿಳಿನೊಣ ಇವಕ್ಕೆಲ್ಲ ಹೊಸ ಹೈಬ್ರಿಡ್‌ಗಳ ಮೆತ್ತನೆಯ ಎಲೆ ಬಲು ರುಚಿ. ಹೋದ ಪಂಪು ಹಿತ್ತಲ ಬಾಗಿಲಿಂದ ಮರಳಿ ಬಂತು. ಇನ್ನೊಂದು ಕಡೆ, ಹುಳ ಬಿಟಿಗೆ ಒಗ್ಗಿಕೊಳ್ಳದಿರಲೆಂದು ಬೀಜದ ಪೊಟ್ಟಣದಲ್ಲೇ ಒಂದು ಉಪಾಯ ಇಟ್ಟಿದ್ದರು. 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಬಿಟಿಯಲ್ಲದ ಬೀಜದ ಸಣ್ಣ ಚೀಲ. ಅದನ್ನು ಹೊಲದ ಸುತ್ತ ಐದು ಸಾಲು ಹಾಕಬೇಕಿತ್ತು. ಅಲ್ಲಿ ಬದುಕುಳಿದ ಸಾದಾ ಹುಳಗಳು ಬಿಟಿಗೆ ಒಗ್ಗಿದ ಹುಳಗಳೊಂದಿಗೆ ಕೂಡಿ, ಒಗ್ಗಿದ ಗುಣ ಬಲಿಯದಂತೆ ನೋಡಿಕೊಳ್ಳುತ್ತವೆ ಎಂಬುದು ಲೆಕ್ಕ. ಹುಳಕ್ಕೇ ಅಂತ ಐದು ಸಾಲು ಬಿತ್ತಲು ಎರಡು ಎಕರೆಯವನಿಗೆ ಹೇಳಿದರೆ ನಗುತ್ತಾನೆ. ಎಷ್ಟೋ ಹೊಲಗಳ ಬದುವಿನಲ್ಲಿ ಆ ಸಣ್ಣ ಚೀಲ ಬಿಚ್ಚದೆ ಬಿದ್ದಿದ್ದನ್ನು ಕಂಡಿದ್ದೇನೆ. ಅದು ಯಾಕೆ ಎಂದು ಕೂತು ಹೇಳಿದವರನ್ನು ಮಾತ್ರ ಕಾಣಲಿಲ್ಲ.

ಆಮೇಲೆ ಬಂದದ್ದು ಗುಲಾಬಿ ಕಾಯಿಕೊರಕ. ಒಂದು ಜೀನಿನ ಬಿಟಿಗೆ ಇದು ಒಗ್ಗಿಕೊಂಡಿದೆ ಎಂದು ಗುಜರಾತಿನ ನಾಲ್ಕು ಜಿಲ್ಲೆಗಳ ವಿಷಯದಲ್ಲಿ 2010ರಲ್ಲಿ ಮಾನ್ಸಾಂಟೊ ಕಂಪನಿಯೇ ಒಪ್ಪಿಕೊಂಡಿತು. ಎರಡು ಜೀನಿನ ಬೋಲ್ಗಾರ್ಡ್-2 ಬೀಜ 2006ರಿಂದಲೇ ಮಾರುಕಟ್ಟೆಯಲ್ಲಿತ್ತು. 2015ರ ಸುಮಾರಿಗೆ ಅದನ್ನೂ ದಾಟಿ ಹುಳ ರಾಯಚೂರಿನ ಹೊಲಗಳಿಗೂ ಇಳಿಯಿತು. ಈ ಹುಳದ ಜಾಣತನ ನೋಡಬೇಕಾದರೆ ಬೆಳಗಿನ ಹೊತ್ತು ಹೂವಿನ ಹೊಲಕ್ಕೆ ಹೋಗಬೇಕು. ಅರಳಬೇಕಾದ ಹೂ ಅರಳದೆ, ಎಸಳುಗಳು ಒಂದಕ್ಕೊಂದು ಹೊಲಿದಂತೆ ಅಂಟಿಕೊಂಡು ಗುಲಾಬಿ ಮೊಗ್ಗಿನ ಹಾಗೆ ನಿಂತಿರುತ್ತದೆ. ಬಿಡಿಸಿ ನೋಡಿದರೆ ಒಳಗೆ ಹುಳ. ಆಮೇಲಿನ ಸಂತತಿ ಎಳೆಕಾಯಿಗೆ ಹೊಕ್ಕು, ಹೊಕ್ಕ ತೂತು ಮುಚ್ಚಿಕೊಂಡು, ಒಳಗೆ ಬೀಜ ತಿನ್ನುತ್ತಾ ಕೂರುತ್ತದೆ. ಹೊರಗಿಂದ ಕಾಯಿ ಹಸಿರು, ದುಂಡು, ಕಣ್ಣಿಗೆ ತಂಪು. ಒಡೆದಾಗಲೇ ಗೊತ್ತಾಗುವುದು ಒಳಗೆ ಅರಳೆ ಕಂದಿ ಗಂಟುಗಟ್ಟಿದೆ ಎಂದು.

ಹುಳ ಕಾಯೊಳಗೆ ಬಾಗಿಲು ಹಾಕಿಕೊಂಡು ಕೂತಿರುವಾಗ ಹೊರಗಿಂದ ಹೊಡೆದ ಎಣ್ಣಿ ಅದಕ್ಕೆ ತಾಗುವುದಿಲ್ಲ. ಗಿಡಕ್ಕೆ ತಾಗುತ್ತದೆ, ಗಾಳಿಗೆ ತಾಗುತ್ತದೆ, ಹೊಡೆದವನ ಮೈಗೆ ತಾಗುತ್ತದೆ. ಸತ್ತಿಲ್ಲ ಎಂದು ಮರುವಾರ ಇನ್ನೂ ಖಾರದ್ದು, ಅದರ ಮರುವಾರ ಎರಡು ಕೂಡಿಸಿ. ಬದುವಿನ ಮೇಲೆ ನಾನು ಕೇಳಿದ ‘ಎರಡೂ ಕೂಡಿಸಿ ಹೊಡೀರಿ’ ಎಂಬ ಮಾತಿನ ಹುಟ್ಟು ಇಲ್ಲಿದೆ. ಹಾಗೆ ಹೇಳಿದ ಅಂಗಡಿಯವನೇ ಬೀಜ, ಗೊಬ್ಬರ, ಎಣ್ಣಿ ಮೂರನ್ನೂ ಉದ್ರಿ ಕೊಟ್ಟವನು. ಉದ್ರಿ ಕೊಟ್ಟವನ ಸಲಹೆಗೆ ಎದುರು ಮಾತಾಡುವುದು ಹೇಗೆ?

ಜಗತ್ತಿನ ಬೇರೆಡೆ ಹೀಗೇ ಆಯಿತೇ? ಅಮೆರಿಕ ಬಿಟಿ ಹತ್ತಿಯ ಜೊತೆಗೆ ಬಂಜೆ ಮಾಡಿದ ಪತಂಗಗಳನ್ನು ಬಿಟ್ಟು, ಮೋಹಕ ಬಲೆ ಕಟ್ಟಿ, 2018ರಲ್ಲಿ ಗುಲಾಬಿ ಕಾಯಿಕೊರಕ ತನ್ನ ನೆಲದಿಂದ ನಿರ್ನಾಮವಾಯಿತೆಂದು ಸಾರಿತು. ನಮ್ಮಲ್ಲಿ ಬಿಟಿ ಬಂದದ್ದು ಹೆಚ್ಚುಕಡಿಮೆ ಹೈಬ್ರಿಡ್ ಬೀಜದಲ್ಲಿ ಮಾತ್ರ. ಹೈಬ್ರಿಡ್ ಆದರೆ ಪ್ರತಿವರ್ಷ ಕೊಳ್ಳಬೇಕು, ಕಂಪನಿಗೆ ಅದೇ ಬೇಕು. ಹೈಬ್ರಿಡ್ ಗಿಡ ದೊಡ್ಡದು, ಅವಧಿ ಉದ್ದ. ನೀರಿದ್ದ ಕಡೆ ಫೆಬ್ರುವರಿ, ಮಾರ್ಚ್‌ವರೆಗೂ ಹೊಲದಲ್ಲಿರುತ್ತದೆ. ಹತ್ತಿ ಬಿಟ್ಟರೆ ಬೇರೆ ಮೇವು ಹೆಚ್ಚಾಗಿ ಬೇಡದ ಈ ಹುಳಕ್ಕೆ ಅದಕ್ಕಿಂತ ಸುಖ ಇನ್ನೇನು! ತಲೆಮಾರಿನ ಮೇಲೆ ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಬೆಳೆಯಿತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಕೇಶವ ಕ್ರಾಂತಿ, ಅಮೆರಿಕದ ಮಾನವಶಾಸ್ತ್ರಜ್ಞ ಗ್ಲೆನ್ ಸ್ಟೋನ್ ಜೊತೆಗೂಡಿ 2020ರಲ್ಲಿ ಇಪ್ಪತ್ತು ವರ್ಷದ ಲೆಕ್ಕ ಬಿಡಿಸಿಟ್ಟರು. ಬಿಟಿ ಬರುವ ಮೊದಲು ರೈತ ಕೀಟನಾಶಕಕ್ಕೆ ಮಾಡುತ್ತಿದ್ದ ಖರ್ಚಿಗಿಂತ ಈಗಿನ ಖರ್ಚೇ ಹೆಚ್ಚು ಎಂಬುದು ಅದರ ತಿರುಳು. ಬೀಜದ ಹಣವೂ ಹೋಯಿತು, ಎಣ್ಣಿಯ ಹಣವೂ ಹೋಯಿತು.

ಹಣದ ಮಾತು ಬಿಡಿ, ಮೈಯ ಮಾತಿಗೆ ಬರೋಣ. 2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಆದದ್ದು ಎಲ್ಲ ಹತ್ತಿಸೀಮೆಗೂ ಎಚ್ಚರಿಕೆಯಾಗಬೇಕಿತ್ತು. ಆ ವರ್ಷ ಗಿಡ ಆಳೆತ್ತರ ಬೆಳೆದಿತ್ತು. ಹೊಡೆಯುವವರು ಮುಖದ ಮಟ್ಟಕ್ಕೆ, ತಲೆಯ ಮೇಲಕ್ಕೆ ಹೊಡೆದರು. ಹೊಸ ಬ್ಯಾಟರಿ ಪಂಪುಗಳು ಹನಿಯನ್ನು ಮಂಜಿನಂತೆ ಹರಡಿದವು. ಮಾನೊಕ್ರೊಟೊಫಾಸ್, ಪ್ರೊಫೆನೊಫಾಸ್, ಸೈಪರ್‌ಮೆಥ್ರಿನ್ ಮುಂತಾದವನ್ನು ಕೂಡಿಸಿದ ಕಲಬೆರಕೆ. ಆ ಒಂದೇ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅವರೆಲ್ಲ ಹೊಡೆಯುತ್ತಿದ್ದದ್ದು ಬಿಟಿ ಹತ್ತಿಗೆ.

ಮಾನೊಕ್ರೊಟೊಫಾಸ್ ಜಾತಿಯ ವಿಷ ಮೈಯಲ್ಲಿ ಮಾಡುವ ಕೆಲಸ ಇಷ್ಟು: ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯುವ ರಾಸಾಯನಿಕವೊಂದಿದೆ, ಸುದ್ದಿ ಮುಟ್ಟಿದೊಡನೆ ಅದನ್ನು ಅಳಿಸಿಹಾಕುವ ಕಿಣ್ವವೂ ಇದೆ. ವಿಷ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಸುದ್ದಿ ಅಳಿಯುವುದಿಲ್ಲ, ನರ ಕೂಗುತ್ತಲೇ ಇರುತ್ತದೆ. ಮೊದಲು ತಲೆನೋವು, ಓಕರಿಕೆ, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ ನೋಟ ಮಸುಕಾಗುತ್ತದೆ. ಆಮೇಲೆ ಸ್ನಾಯು ಅದುರುವುದು, ಕೊನೆಗೆ ಉಸಿರಿಗೆ ತೊಂದರೆ. ಇದು ಚರ್ಮದ ಮೂಲಕವೇ ಒಳಗೆ ಹೋಗಬಲ್ಲದು. ಬೆವರಿದ ಮೈ, ಒದ್ದೆ ಅಂಗಿ, ಸೋರುವ ಪಂಪು ಇದ್ದರೆ ಕುಡಿಯಲೇಬೇಕೆಂದಿಲ್ಲ.

‘ತಲಿ ತಿರುಗ್ತದ್ರಿ. ಮನಿಗೆ ಬಂದು ಮಜ್ಜಿಗಿ ಕುಡದು ಮಲಗಿದ್ರ ಹೊತ್ತು ಮುಣುಗೋದ್ರಾಗ ಕಡಿಮಿ ಆಗ್ತದ.’ ಇದು ಅವತ್ತು ಬದುವಿನ ಮೇಲೆ ಆ ಗಂಡ ಹೇಳಿದ ಮಾತು. ಹೆಂಡತಿಗೆ? ‘ಆಕಿ ಎಲ್ಲಿ ಹೊಡಿತಾಳ್ರಿ, ಬರೇ ನೀರು ಹಾಕ್ತಾಳ.’

ಈ ‘ಬರೇ ನೀರು ಹಾಕ್ತಾಳ’ ಎಂಬ ಮಾತನ್ನು ಸುಳ್ಳು ಮಾಡುವ ಅಧ್ಯಯನವೊಂದಿದೆ. ಫ್ರಾನ್ಸೆಸ್ಕಾ ಮಾನ್ಸಿನಿ ಮತ್ತು ಸಂಗಡಿಗರು 2003ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ನಮ್ಮ ದೇಶದ ಮೂರು ಹಳ್ಳಿಗಳಲ್ಲಿ ಹತ್ತಿ ಬೆಳೆಯುವ 50 ಹೆಂಗಸರಿಂದ, ತಮಗೂ ಮನೆಯ ಗಂಡಸರಿಗೂ ಎಣ್ಣಿ ಹೊಡೆದ ದಿನ ಏನೇನಾಯಿತು ಎಂಬ ಲೆಕ್ಕ ಬರೆಸಿದರು. ಒಟ್ಟು 323 ಪ್ರಸಂಗಗಳು. ಅದರಲ್ಲಿ ಶೇ 83.6ರಲ್ಲಿ ಸಣ್ಣದೋ ದೊಡ್ಡದೋ ವಿಷಬಾಧೆಯ ಲಕ್ಷಣ ಕಂಡಿತ್ತು. ಡಬ್ಬಿಯ ಗಟ್ಟಿ ವಿಷ ಬೆರೆಸುವುದು, ಪಂಪು ತುಂಬುವುದು ಎಂಬ ಹೆಂಗಸರ ಕೆಲಸ, ಹೊಡೆಯುವುದರಷ್ಟೇ ಅಪಾಯದ್ದೆಂದು ಅಧ್ಯಯನ ತೋರಿಸಿತು. ಶೇ 6ರಷ್ಟು ಸಲ ಸ್ಥಿತಿ ತೀರಾ ಗಂಭೀರವಾಗಿತ್ತು. ಅವರಲ್ಲಿ ಒಬ್ಬರೂ ವೈದ್ಯರ ಹತ್ತಿರ ಹೋಗಲಿಲ್ಲ. ಒಬ್ಬರೂ. ಜಮೀನ್ದಾರರಿಗಿಂತ ತುಂಡು ಹೊಲದವರಿಗೇ ಹೊಡೆತ ಹೆಚ್ಚು ಬಿದ್ದಿತ್ತು. ಈ ಅಧ್ಯಯನಕ್ಕೆ ಇಪ್ಪತ್ತು ವರ್ಷ ದಾಟಿತು. ಮುಚ್ಚಳ ಮಾತ್ರ ಇನ್ನೂ ಅದೇ ಕೈಯಲ್ಲಿದೆ.

ನಡುವೆ ಒಂದು ಮಾತು. 2010ರಲ್ಲಿ ಬಿಟಿ ಬದನೆಯ ಪ್ರಶ್ನೆ ಬಂದಾಗ ಆಗಿನ ಪರಿಸರ ಸಚಿವ ಜೈರಾಂ ರಮೇಶ್ ದೇಶದ ಏಳು ಊರುಗಳಲ್ಲಿ ಜನರ ಸಭೆ ಕರೆದರು. ಬೆಂಗಳೂರಿನ ಸಭೆಯಂತೂ ಗದ್ದಲದಿಂದ ತುಂಬಿಹೋಗಿತ್ತು. ಫೆಬ್ರುವರಿ 9ರಂದು ಬದನೆಗೆ ತಡೆ ಬಿತ್ತು. ಆ ಬದನೆಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೈಯೂ ಇತ್ತು. ತಡೆ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ತಿನ್ನುವವರ ಹೊಟ್ಟೆಗೆ ಏನಾದರೂ ಆದೀತು ಎಂದಾಗ ಇಷ್ಟು ಸಭೆ ಸೇರಿದ ದೇಶ, ಬೆಳೆಯುವವರ ಚರ್ಮಕ್ಕೆ ಏನಾಗುತ್ತಿದೆ ಎಂದು ದೇವದುರ್ಗದಲ್ಲೋ ಮಾನ್ವಿಯಲ್ಲೋ ಒಂದು ಸಭೆ ಕರೆದದ್ದನ್ನು ನಾನು ಕಾಣೆ.

ಈಗ ಬಾಗಿಲಲ್ಲಿ ನಿಂತಿರುವುದು ಇನ್ನೊಂದು ಬೀಜ. ಕಳೆನಾಶಕ ಹೊಡೆದರೂ ಸಾಯದ ಹತ್ತಿ. ಅದಕ್ಕೆ ಸರ್ಕಾರದ ಒಪ್ಪಿಗೆ ಇಲ್ಲ, ಆದರೂ ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಲ್ಲಿ ಕಳ್ಳದಾರಿಯಲ್ಲಿ ಹಬ್ಬಿದೆ. 2001ರ ಗುಜರಾತಿನ ಕಥೆ ಮತ್ತೆ ಆರಂಭ. ಹತ್ತಿಬೀಜ ತಯಾರಿಕೆಗೆ ಹೆಸರಾದ ಗದ್ವಾಲ ಸೀಮೆ ರಾಯಚೂರಿಗೆ ಮಗ್ಗುಲಲ್ಲೇ ಇದೆ. ಗಡಿ ಎಂಬುದು ಬೀಜಕ್ಕೆ ಗೊತ್ತಿಲ್ಲ. ಇದರ ಜೊತೆಗಾರ ಎಣ್ಣಿಯ ಹೆಸರು ಗ್ಲೈಫೋಸೇಟ್, ನಮ್ಮವರ ಬಾಯಲ್ಲಿ ‘ಕಸದ ಎಣ್ಣಿ’. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು ‘ಕ್ಯಾನ್ಸರ್ ತರುವ ಸಂಭವವಿರುವ’ ಪಟ್ಟಿಗೆ ಹಾಕಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಒಪ್ಪಲಿಲ್ಲ. 2022ರಲ್ಲಿ ನಮ್ಮ ಕೇಂದ್ರ ಸರ್ಕಾರ, ಪರವಾನಗಿ ಪಡೆದ ಕೀಟ ನಿಯಂತ್ರಕರ ಮೂಲಕ ಮಾತ್ರ ಬಳಸಬೇಕು ಎಂದು ಆದೇಶಿಸಿತು. ಹಳ್ಳಿಯಲ್ಲಿ ಅಂಥ ನಿಯಂತ್ರಕರು ಯಾರು, ಎಲ್ಲಿದ್ದಾರೆ ಎಂದು ಕೇಳಿದರೆ ಜನ ಮುಖ ಮುಖ ನೋಡುತ್ತಾರೆ.

ಈ ಬೀಜ ಬೇಕೆನ್ನುವ ರೈತರನ್ನು ಬೈಯಲು ನನಗೆ ಮನಸ್ಸಿಲ್ಲ. ಮಳೆ ಹಿಡಿದಾಗ ಕಸ ತೆಗೆಯಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಮುಟ್ಟಿಸಲಾಗುವುದಿಲ್ಲ. ಆದರೆ ಆ ಕೂಲಿ ಯಾರದು? ಕುರ್ಚಿಗಿ ಹಿಡಿದು ಸಾಲಿಗೆ ಕೂರುವ ಹೆಂಗಸರದು. ಕಸದ ಎಣ್ಣಿ ಬಂದರೆ ಅವರ ಬೆನ್ನುನೋವು ಹೋಗುತ್ತದೆ, ಜೊತೆಗೆ ಎರಡು ತಿಂಗಳ ದುಡಿಮೆಯೂ ಹೋಗುತ್ತದೆ, ಪಂಪು ತುಂಬುವ ಕೆಲಸ ಮಾತ್ರ ಹೆಚ್ಚುತ್ತದೆ. ಬಿಟಿ ಬೀಜ ಪಂಪು ಇಳಿಸುತ್ತೇನೆ ಎಂದು ಬಂದಿತ್ತು. ಇದು ಪಂಪನ್ನು ಜೊತೆಗೇ ಕಟ್ಟಿಕೊಂಡು ಬರುವ ಬೀಜ. ನನ್ನ ತಕ್ಕಡಿಯಲ್ಲಿ ಇದು ತೂಗುವುದಿಲ್ಲ.

ಕಾನೂನು ಸುಮ್ಮನೆ ಕೂತಿಲ್ಲ, ನಿಧಾನವಾಗಿ ನಡೆಯುತ್ತಿದೆ. 2018ರಲ್ಲಿ 18 ಕೀಟನಾಶಕಗಳ ನಿಷೇಧಕ್ಕೆ ಆದೇಶವಾಯಿತು. ಫೋರೇಟ್, ಟ್ರೈಜೊಫಾಸ್‌ನಂಥವು 2020ರ ಕೊನೆಗೆ ನಿಂತವು. ಮಾನೊಕ್ರೊಟೊಫಾಸ್‌ನ ಸಾಮಾನ್ಯ ದ್ರಾವಣಕ್ಕೆ 2023ರಲ್ಲಿ ತಡೆ ಬಂತು, ಇದ್ದ ದಾಸ್ತಾನು ಮುಗಿಸಿಕೊಳ್ಳಲು ಅವಕಾಶ ಕೊಟ್ಟು. ಇಷ್ಟಾಗಿಯೂ ಎಣ್ಣಿ ಕುಡಿದವರ ಲೆಕ್ಕ ಪೊಲೀಸ್ ಠಾಣೆಗೆ ಬರುತ್ತದೆ. ಎಣ್ಣಿ ಹೊಡೆದು ತಲೆತಿರುಗಿ ಮನೆಯಲ್ಲಿ ಮಲಗಿದವರ ಲೆಕ್ಕ ಯಾವ ವಹಿಯಲ್ಲೂ ಇಲ್ಲ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ತಲೆಸುತ್ತು, ವಾಂತಿ ಎಂದು ಬಂದವರನ್ನು ‘ಎಣ್ಣಿ ಹೊಡೆದಿದ್ದೀರಾ, ಬೆರೆಸಿದ್ದೀರಾ, ಯಾವುದು?’ ಎಂದು ಕೇಳಿ ಬರೆದುಕೊಂಡರೆ ಸಾಕು, ಒಂದು ಹಂಗಾಮಿನಲ್ಲಿ ಜಿಲ್ಲೆಯ ಚಿತ್ರ ಸಿಗುತ್ತದೆ. ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಕಟ್ಟಡ ಬೇಡ. ಒಂದು ವಹಿ, ಒಂದು ಪೆನ್ನು. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೂ ಇದೆ, ವೈದ್ಯಕೀಯ ಕಾಲೇಜೂ ಇದೆ. ಎರಡೂ ಕಡೆಯವರು ಒಮ್ಮೆ ಒಂದೇ ಜೀಪಿನಲ್ಲಿ ಹತ್ತಿಹೊಲಕ್ಕೆ ಬರಲಿ ಎಂಬುದು ನನ್ನ ಕೋರಿಕೆ.

ಅದಾಗುವವರೆಗೆ ಓದುಗರಿಗೆ ನಾಲ್ಕು ಮಾತು. ಗಾಳಿಗೆ ಎದುರಾಗಿ ಹೊಡೆಯಬೇಡಿ. ಬೆರೆಸುವವರಿಗೇ ಮೊದಲು ಕೈಗವಸು ಕೊಡಿ. ಅಳೆದ ಮುಚ್ಚಳವನ್ನು, ಖಾಲಿ ಡಬ್ಬಿಯನ್ನು ಮನೆಗೆ ತರಬೇಡಿ. ಯಾರಿಗಾದರೂ ತಲೆತಿರುಗಿ ಜೊಲ್ಲು ಸೋರಿದರೆ ಮಜ್ಜಿಗೆ ಕುಡಿಸುತ್ತಾ ಕೂರದೆ, ಎಣ್ಣಿ ತಾಗಿದ ಬಟ್ಟೆ ಬಿಚ್ಚಿ, ಮೈಯನ್ನು ಸೋಪಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಹೊಡೆದದ್ದು ಯಾವ ವಿಷ ಎಂದು ತಿಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಅಟ್ರೋಪಿನ್ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬುದು ಅದರ ಮೇಲೆ ನಿಂತಿದೆ. ‘ಅಂಗಡ್ಯಾಗ ಕೊಟ್ಟಾರ’ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಆ ಹೊತ್ತಿಗೆ ಆಧಾರ್ ಕಾರ್ಡು ಮರೆತರೂ ನಡೆದೀತು, ಬದುವಿನ ಮೇಲಿನ ಡಬ್ಬಿಯನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಹೋಗಿ.